ದಹಿಸರ ಗುಂಪಿನ ಓದು

ದಾದರ, ಮುಂಬಯಿ
20 ಜೂನ್ 1954

ಪೂಜ್ಯ ಬಸವಂತಪ್ಪ ಗುರುಗಳ ಪಾದಕ್ಕ, ಅಣ್ಣಿಗೇರಿ ಸಾಲ್ಯಾಗ ನಿಮ್ಮ ಕೈಲೆ ಏಳು ವರ್ಷ ಛಡಿ ಏಟು ತಿಂದ ರುದ್ರವ್ವನ ನಮಸ್ಕಾರಗಳು.

ನಾ ಇಲ್ಲೆ ಗದಿಗೆಪ್ಪ ಕಾಕಾನ ಚಾಳಿನ್ಯಾಗ ಆರಾಮ ಅದೀನ್ರಿ. ದಿನಾ ಮುಂಜಾನೆ ಲೋಕಲ್ ಹಿಡಿದು ಜೋಗೇಶ್ವರಿಗೆ ಹೋಗಿ ಎರಡನೇ ಇಯತ್ತೆಗೆ ಕಲಿಸಿ ಬರ್ತೀನಿ. ನಿಮ್ಮ ಶಿಫಾರಸು ಪತ್ರದ ಮ್ಯಾಲೆ ಸಿಕ್ಕ ನೌಕರಿ ಇನ್ನೂ ಕಾಯಂ ಆಗಿಲ್ಲ. ಅದರ ಸುದ್ದೀನೇ ಬರ್ಯಾಕ ಕುಂತೀನಿ. ಓದೂತನಕ ಸಿಟ್ಟಿಗೆ ಬರಬ್ಯಾಡ್ರಿ.

ಮೊನ್ನೆ ಇನ್‌ಸ್ಪೆಕ್ಟರ್ ಸಾಹೇಬರು ಹೇಳದ ಕೇಳದ ಬಂದ್ರು. ನೀವು ಕಲಿಸಿಕೊಟ್ಟಂಗ ನಲವತ್ತೆರಡು ಮಕ್ಕಳು ಒಂದೇ ದನೀಲೆ ಆಕಳ ಪಾಠ ಓದಿದ್ರು. ಒಂದು ತಪ್ಪಿಲ್ಲ. ಸಾಹೇಬರು ತಲಿ ತೂಗಿಕೋತ ನಡುವ ಬಂದು, ಹೊಟೇಲಿನ ಅಡಿಗಿ ಮೋನಪ್ಪನ ಮಗಳು ಸೇವಂತಿ ಮುಂದ ನಿಂತುಬಿಟ್ರು. ಆಕಿ ಎಲ್ಲಾರಿಗಿಂತ ಜೋರಾಗಿ ಓದಾಕತ್ತಿದ್ಲು, ಪುಸ್ತಕ ತಲೆಕೆಳಗ ಹಿಡಕೊಂಡು. ಸಾಹೇಬರಿಗೆ ಕನ್ನಡ ಬರೂದಿಲ್ಲ. ಆದ್ರ ಚಿತ್ರದಾಗಿನ ಆಕಳು ಕಾಲು ಮ್ಯಾಲೆ ಮಾಡಿ ನಿಂತದ್ದು ತಿಳೀಲಿಕ್ಕೆ ಕನ್ನಡ ಯಾಕ ಬೇಕ್ರಿ.

ಅವರು ಬೈಯಲಿಲ್ಲ. ಬೈದಿದ್ರ ಛಲೋ ಇತ್ತು. "ಮಾರ್ಚಿನ್ಯಾಗ ಮತ್ತ ಬರ್ತೀನಿ. ಮಕ್ಕಳು ಹಿಂದ ಎಂದೂ ನೋಡದ ಕಾಗದ ಕೊಟ್ಟು ಓದಸ್ತೀನಿ. ಓದಿದ್ರ ನೀವು ಕಾಯಂ. ಇಲ್ಲಾಂದ್ರ ಈ ವರ್ಗ ಮುಚ್ಚಿ, ಮಕ್ಕಳನ್ನ ಕೆಳಗಿನ ಮರಾಠಿ ವರ್ಗಕ್ಕ ಕಳಸ್ತೀವಿ" ಅಂತ ಮರಾಠಿಯೊಳಗ ಅಂದು ಹೋದ್ರು.

ಅವರು ಹೋದ ಮ್ಯಾಲೆ ಒಬ್ಬೊಬ್ಬರನ್ನ ಕರದು, ಪಾಠದ ನಡುವಿನ ಒಂದು ಸಾಲು ಅಷ್ಟ ಬಿಟ್ಟು ಉಳದದ್ದು ಮುಚ್ಚಿ ಓದಿಸಿದೆ. ನಲವತ್ತೆರಡರಾಗ ಖರೇ ಓದಾವ್ರು ಒಂಬತ್ತು ಮಂದಿ. ಉಳದವ್ರದ್ದು ಬರೇ ಬಾಯಿ. ಅದಕ್ಕ ನಾಳೆಯಿಂದ ಒಕ್ಕೊರಲ ಓದು ಬಿಡ್ತೀನ್ರಿ. ಆರಾರು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪಿನ ನಡುವ ನಾನೇ ಕುಂತು ಒಬ್ಬೊಬ್ಬರ ಓದು ಕೇಳೋದು. ಆಶೀರ್ವಾದ ಮಾಡ್ರಿ.

ನಿಮ್ಮ,
ರುದ್ರವ್ವ


ಅಣ್ಣಿಗೇರಿ
2 ಜುಲೈ 1954

ಚಿರಂಜೀವಿ ರುದ್ರವ್ವಗ ಆಶೀರ್ವಾದ. ಆಶೀರ್ವಾದ ನಿನಗ, ನಿನ್ನ ಗುಂಪಿಗೆ ಅಲ್ಲ.

ಮೂವತ್ತಾರು ವರ್ಷ ನಾ ಒಕ್ಕೊರಲಿನ್ಯಾಗ ಕಲಿಸಿದೆ. ಮಾಮಲೇದಾರ ಆದವ್ರು ಅದಾರ, ವಕೀಲರಾದವ್ರು ಅದಾರ. ನೀನೂ ಹಂಗ ಕಲತಾಕಿ. ನೂರು ಸಲ ಬಾಯಿಲೆ ಅಂದದ್ದು ತಾನಾಗೇ ಕಣ್ಣಿಗೆ ಇಳೀತೈತಿ. ಪುಸ್ತಕ ತಲೆಕೆಳಗ ಆದ್ರ ಏನಾತು, ಪಾಠ ಸರಿ ಬಂತಿಲ್ಲೋ? ಆರು ಮಂದೀನ ಮುಂದ ಕುಂದ್ರಿಸಿಕೊಂಡ್ರ ಉಳದ ಮೂವತ್ತಾರು ಮಂದಿ ಏನ ಮಾಡಬೇಕು, ಜೋಗೇಶ್ವರಿ ಸಂತಿ ನಡಸಬೇಕೋ? ನನ್ನ ಹೆಸರಿನ ಮ್ಯಾಲೆ ನೌಕರಿ ತಗೊಂಡಿ. ಹೆಸರು ಕೆಡಿಸಬ್ಯಾಡ.

ಇನ್ನೊಂದು. ನಿನ್ನ ಅಕ್ಷರ ಇರಿವಿ ಸಾಲು ಹೊಂಟಂಗ ಅದಾವ. ಮಾಸ್ತರಕಿ ಮಾಡಾಕಿ ಹಿಂಗ ಬರೀತಾಳೇನು? ಮುಂದಿನ ಪತ್ರ ದೊಡ್ಡ ಅಕ್ಷರದಾಗ ಬಿಡಿಸಿ ಬರಿ.

ನನ್ನ ತ್ರಾಸ ನನಗ. ಪೆಟ್ಟಿಗಿ ಮ್ಯಾಲೆ ಇಟ್ಟಿದ್ದ ರೇಶಿಮಿ ರುಮಾಲದಾಗ ಬೆಕ್ಕು ಮೂರು ಮರಿ ಹಾಕೇತಿ. ಶ್ರಾವಣದಾಗ ಮಠದ ಪುರಾಣ ಓದಾಕ ಕುಂದ್ರೂಮುಂದ ಸುತ್ತಿಕೊಳ್ಳೋ ರುಮಾಲು ಅದು. ಎಬ್ಬಿಸಾಕ ಹೋದ್ರ ತಾಯಿ ಬೆಕ್ಕು ಇನ್‌ಸ್ಪೆಕ್ಟರ್ ನೋಡಿದಂಗ ನೋಡ್ತೈತಿ.

ಬಸವಂತಪ್ಪ


ದಾದರ
25 ಜುಲೈ 1954

ಪೂಜ್ಯ ಗುರುಗಳಿಗೆ ನಮಸ್ಕಾರ.

ನೋಡ್ರಿ, ಇದು ದೊಡ್ಡ ಅಕ್ಷರ. ಅಕ್ಷರದ ಮಾತಿಗೆ ನನಗ ಸಿಟ್ಟು ಬಂದಿತ್ತು, ಸುಳ್ಳ ಯಾಕ ಹೇಳಲಿ. ಅತ್ತೂ ಬಿಟ್ಟೆ. ಆಮ್ಯಾಲೆ ಗೆರಿ ಹೊಡಿಯೋ ಪಟ್ಟಿ ತಗೊಂಡು ಬರ್ಯಾಕ ಕುಂತೆ.

ಗುಂಪು ಮಾಡೀನ್ರಿ. ಬಿಡಲಿಲ್ಲ. ಜಾಣರು ದಡ್ಡರು ಅಂತ ಹೆಸರಿಡಾಕ ಮನಸ್ಸಾಗಲಿಲ್ಲ, ಅದಕ್ಕ ನಮ್ಮ ಲೋಕಲ್ ಗಾಡಿ ಸ್ಟೇಷನ್ ಹೆಸರು ಇಟ್ಟೆ. ಅಕ್ಷರ ಹುಡುಕ್ಯಾಡಾವ್ರು ಎಲ್ಲಾಕಿಂತ ದೂರದ ದಹಿಸರ. ಆಮ್ಯಾಲೆ ಬೋರಿವಲಿ, ಮಲಾಡ, ಗೋರೆಗಾಂವ, ಜೋಗೇಶ್ವರಿ, ಅಂಧೇರಿ. ಸರಾಗ ಓದಾವ್ರು ದಾದರ. ಎಲ್ಲಾರೂ ಒಂದೇ ಗಾಡ್ಯಾಗ ಅದಾರ, ಕೆಲವ್ರು ದೂರದಿಂದ ಹತ್ಯಾರ ಅಷ್ಟ. ಓದು ಬಂದಂಗ ಮುಂದಿನ ಸ್ಟೇಷನ್ನಿಗೆ ಹೋಗ್ತಾರ. ಮಕ್ಕಳಿಗೆ ಭಾಳ ಖುಷಿ. ಗುಂಪು ಬದಲಾದಾಗ ಬಾಯಿಲೆ ಸೀಟಿ ಊದ್ತಾರ, ಅದೊಂದು ತ್ರಾಸ.

ನೀವು ಅಂದ ಸಂತಿ ಖರೇನ ನಡೀತು. ಮೊದಲ ವಾರ ಹೆಡ್‌ಮಾಸ್ತರ ಸದಾನಂದರು ಮೂರು ಸಲ ಬಂದು ಬಾಗಲದಾಗ ನಿಂತ್ರು. "ಏನಮ್ಮ, ಇದು ತರಗತಿಯೋ ದಾದರ ಮಾರ್ಕೆಟೋ?" ಅಂದ್ರು. ಅವರು ಉಡುಪಿ ಕಡೆಯವ್ರು, ಬೈದ್ರೂ ಪುಸ್ತಕದ ಕನ್ನಡದಾಗ ಬೈತಾರ. ಈಗ ಉಳದ ಗುಂಪಿನವ್ರಿಗೆ ಇಬ್ಬಿಬ್ಬರ ಜೋಡಿ ಮಾಡಿ, ಪಿಸುಮಾತಿನ್ಯಾಗ ಓದಾಕ ಹಚ್ಚೀನಿ. ಜೋರಾಗಿ ಓದಿದ ಗುಂಪಿನ ಗಾಡಿ ಅವತ್ತು ಲೇಟು.

ದಹಿಸರ ಗುಂಪಿನ ಸಂಗಾಟ ದಿನಾ ಕುಂದ್ರತೀನಿ. ಸೇವಂತಿ ಅದರಾಗ ಅದಾಳ. ಮನ್ಯಾಗ ತುಳು, ಓಣ್ಯಾಗ ಮರಾಠಿ, ಅಂಗಡ್ಯಾಗ ಹಿಂದಿ ಮಾತಾಡೋ ಪೋರಿ. ಕನ್ನಡ ಅಂದ್ರ ಪುಸ್ತಕ ಮಾತಾಡೋ ಭಾಷಾ ಅಂತ ತಿಳದಾಳ. ನಾ ಆಕೀಗೆ ಹೇಳಿಕೊಡೂದಿಲ್ಲ. ಬೆರಳು ಇಟ್ಟು ನಿಂತಾಗ "ಯಾವ ಅಕ್ಷರ ಅಡ್ಡ ಬಂತು, ಮುಂದಿಂದು ನೋಡು, ಅರ್ಥ ಕೂಡ್ತೈತೇನು ನೋಡು" ಅಂತ ಕಾಯ್ತೀನಿ. ಕಾಯೋದು ಎಷ್ಟು ಕಷ್ಟ ಅಂತೀರಿ. ನಾಲಿಗಿ ಕಚ್ಚಿಕೊಂಡು ಕುಂದ್ರತೀನಿ.

ಕೊರತಿ ಅಂದ್ರ ಓದಾಕ ಹೊಸಾದು ಏನೂ ಇಲ್ಲ. ಇರೋ ಒಂದು ಪುಸ್ತಕ ಎಲ್ಲಾರಿಗೂ ಬಾಯಿಪಾಠ.

ಇನ್ನ ಮ್ಯಾಲೆ ಪತ್ರ ಸಾಲಿ ವಿಳಾಸಕ್ಕ ಹಾಕ್ರಿ, ಲಗೂನ ಸಿಗ್ತಾವ. ಮತ್ತ ಆ ಬೆಕ್ಕಿನ ಮರಿ ಏನಾದವು, ಯಾವ ಯಾವ ಬಣ್ಣದವು, ಸವಿಸ್ತಾರ ಬರೀರಿ. ಸುಮ್ನ ಕೇಳಾಕತ್ತೀನಿ.

ರುದ್ರವ್ವ


ಅಣ್ಣಿಗೇರಿ
12 ಆಗಸ್ಟ್ 1954

ಚಿ. ರುದ್ರವ್ವಗ ಆಶೀರ್ವಾದ.

ಅಕ್ಷರ ಈಗ ಮಂದಿ ನೋಡೂವಂಗ ಆಗ್ಯಾವ. ಹಿಂಗ ಬರಕೋತ ಹೋಗು.

ಸ್ಟೇಷನ್ ಗುಂಪು ನನಗ ಸೇರಲಿಲ್ಲ. ಆದ್ರ ದಡ್ಡ ಅಂತ ಹೆಸರು ಇಡಲಿಲ್ಲಲ್ಲ, ಅದೊಂದು ಛಲೋ ಮಾಡಿದಿ. ನಾ ಇಡ್ತಿದ್ದೆ. ಈಗ ನೆನಪಾದ್ರ ಒಂಥರಾ ಆಗ್ತೈತಿ.

ಬೆಕ್ಕಿನ ಸುದ್ದಿ ಇಷ್ಟು ಆಸ್ಥೆಲೆ ಕೇಳಿದಾಕಿ ನೀ ಒಬ್ಬಾಕಿ. ಕೇಳು. ಒಂದು ಕರೇದು, ಒಂದು ಪಟ್ಟಿ ಪಟ್ಟಿದು, ಒಂದು ಬೆಳ್ಳಗಿನದು. ಕರೇದು ಕಳ್ಳ. ಪಟ್ಟಿದು ಹೊಟ್ಟಿಬಾಕ. ಬೆಳ್ಳಗಿನದು ನನ್ನಂಗ, ಒಂದು ಕಡೆ ಕುಂತು ಎಲ್ಲಾರ ತಪ್ಪು ನೋಡ್ತೈತಿ. ರುಮಾಲು ಹೋತು ಅಂತ ತಿಳಿ. ಪುರಾಣದ ಮೊದಲ ದಿನ ಬರೇ ಟೊಪಿಗಿ ಹಾಕ್ಕೊಂಡು ಹೋದೆ. ಸ್ವಾಮಿಗಳು "ಮಾಸ್ತರ, ರುಮಾಲೆಲ್ಲಿ?" ಅಂದ್ರು. "ಬಾಣಂತನಕ್ಕ ಕೊಟ್ಟೀನ್ರಿ" ಅಂದೆ. ಮಠ ತುಂಬ ನಗಿ.

ಬಸವಂತಪ್ಪ


ದಾದರ
5 ಸೆಪ್ಟೆಂಬರ್ 1954

ಪೂಜ್ಯ ಗುರುಗಳಿಗೆ ಸಾವಿರ ನಮಸ್ಕಾರ.

ನಿಮಗ ಎಲ್ಲಾ ಗೊತ್ತಾಗೇತಿ ಅಂತ ನಿಮ್ಮ ಪತ್ರ ನೋಡಿದ ಕೂಡಲೇ ತಿಳೀತ್ರಿ. ಅಷ್ಟು ದೊಡ್ಡ ದೊಡ್ಡ ಅಕ್ಷರ, ಸಾಲಿಗೆ ನಾಕು ಶಬ್ದ. ಮಕ್ಕಳಿಗಾಗೇ ಬರದೀರಿ. ಇಷ್ಟು ದಿನ ನಾ ಮುಚ್ಚಿಟ್ಟದ್ದಕ್ಕ ನೀವು ಬೈಲಿಲ್ಲ, ಬದಲಿ ಸಹಾಯ ಮಾಡಿದ್ರಿ.

ಹೌದ್ರಿ, ತಪ್ಪು ಒಪ್ಪಿಕೊಳ್ತೀನಿ. ಜುಲೈದ ಪತ್ರದಾಗಿನ ಬೆಕ್ಕಿನ ಸುದ್ದಿ ಆರು ಪ್ರತಿ ಮಾಡಿ ದಹಿಸರ ಗುಂಪಿಗೆ ಕೊಟ್ಟಿದ್ದೆ. ಬಾಯಿಪಾಠ ಆಗದ ಕಾಗದ ನನ್ನ ಹಂತ್ಯಾಕ ಅದೊಂದ ಇತ್ತು. ಈ ಸಲದ್ದು ಪ್ರತಿ ಮಾಡೋ ಜರೂರೇ ಬೀಳಲಿಲ್ಲ, ನಡುವ ಇಟ್ಟು ಆರೂ ಮಂದಿ ಸುತ್ತ ಬೋರಲಾಗಿ ಮಲಗಿ ಓದಿದ್ರು. "ಬಾಣಂತನ" ಅನ್ನೋ ಶಬ್ದದ ಮ್ಯಾಲೆ ಸೇವಂತಿ ಬೆರಳು ಇಟ್ಟು ನಿಂತ್ಲು. ನಾ ಕಾದೆ. ಬಾ, ಣಂ, ತ, ನ. ಬೆರಳು ಹಿಂದ ತಂದು ಮತ್ತೊಮ್ಮೆ ಕೂಡಿಸಿ ಓದಿ ಒಮ್ಮೆಲೇ ನಕ್ಳು. ಗುರುಗಳೇ, ಆಕಿ ಓದಿ ನಕ್ಳು. ಆಕಳ ಪಾಠ ಇನ್ನೂರು ಸಲ ಹೇಳಿದಾಕಿ ಒಂದು ಸಲಾನೂ ನಕ್ಕಿದ್ದಿಲ್ಲ, ಅತ್ತಿದ್ದಿಲ್ಲ.

ಮರಿಗೆ ಹೆಸರು ಇಟ್ಟಾರ. ಕರೇದು ಚಟ್ನಿ, ಪಟ್ಟಿದು ಇಡ್ಲಿ. ಬೆಳ್ಳಗಿನದಕ್ಕ ಸೇವಂತಿ ಪುಚ್ಚೆ ಅಂತ ಇಟ್ಟಾಳ. ತುಳುದಾಗ ಪುಚ್ಚೆ ಅಂದ್ರ ಬೆಕ್ಕು. ಆಕೀ ಅವ್ವ ಬಂದು ನನ್ನ ಮ್ಯಾಲೆ ತಕರಾರು ಹೇಳಿ ಹೋದ್ಲು: "ಟೀಚರ್, ಮಗಳು ಮನೆಯಲ್ಲಿ ನನಗೆ 'ಯಾಕಬೇ' ಅಂತಾಳೆ, ಇದು ಯಾವ ಭಾಷೆ?" ನಿಮ್ಮದ್ರಿ ಗುರುಗಳೇ.

ರುದ್ರವ್ವ


ಅಣ್ಣಿಗೇರಿ
2 ಅಕ್ಟೋಬರ್ 1954

ರುದ್ರವ್ವಗ.

ಹಿರೇಮನಿಷಾ ಬರದ ಖಾಸಗಿ ಪತ್ರ ಹುಡುಗರ ಮುಂದ ಹಾಸೋದು ಯಾವ ಊರ ಪದ್ಧತಿ? ಮೊದಲೇ ಗೊತ್ತಿದ್ರ ಟೊಪಿಗಿ ಸುದ್ದಿ ಬರೀತಿದ್ದಿಲ್ಲ.

ಆದ್ರೂ ನೀ ಅಂದದ್ದು ಖರೇ. ಮಕ್ಕಳ ಸಲುವಾಗೇ ದೊಡ್ಡ ಅಕ್ಷರ ಬರದೆ. ಮತ್ತ್ಯಾಕ ಬರೀತಿದ್ದೆ?

ಆ ಹುಡುಗಿ ನಕ್ಕದ್ದು ಎರಡು ಸಲ ಓದಿಸಿ ಕೇಳಿದೆ. ಓದಿದೆ ಅನ್ನಬೇಕಿತ್ತು.

ಮಕ್ಕಳಿಗೆ ಹೇಳು: ಚಟ್ನಿ ಪಕ್ಕದ ಮನಿಯ ಹಾಲು ಕುಡದು ಸಿಕ್ಕಿಬಿತ್ತು. ಇಡ್ಲಿಗೆ ಮೈ ಬಂದು ಕಿಟಕಿ ಸರಳಿನ್ಯಾಗ ಸಿಕ್ಕೊಂಡಿತ್ತು. ಪುಚ್ಚೆ ಮಾತ್ರ ನಾಕು ದಿನದಿಂದ ಕಾಣವಲ್ದು. ಹುಡುಕಾಕತ್ತೀನಿ.

ಬಸವಂತಪ್ಪ


ದಾದರ
16 ಜನವರಿ 1955

ಪೂಜ್ಯ ಗುರುಗಳಿಗೆ ನಮಸ್ಕಾರ.

ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಖಾಸಗಿ ಪತ್ರ ಓದಿಸಿದ್ದಕ್ಕ ನಿಮ್ಮ ಸಿಟ್ಟು ಇನ್ನೂ ಇಳಿದಿಲ್ಲ ಅಂತ ತಿಳದೀನಿ. ಸಿಟ್ಟು ನನ್ನ ಮ್ಯಾಲೆ ಇರಲಿ. ಮಕ್ಕಳು ದಿನಾ ಟಪಾಲಿನವ ಬಂದ ಕೂಡಲೇ ಎದ್ದು ನಿಂದ್ರತಾರ. ಪುಚ್ಚೆ ಸತ್ತು ಹೋಗಿರಬೇಕು, ಅಜ್ಜ ಹೇಳಾಕ ಒಲ್ಲರು ಅಂತ ಮಲಾಡ ಗುಂಪಿನ ಅಭಿಪ್ರಾಯ. ಸೇವಂತಿ ಒಪ್ಪೂದಿಲ್ಲ.

ಮಾರ್ಚ್ 11ಕ್ಕ ಸಾಹೇಬರು ಬರ್ತಾರ. ಇಪ್ಪತ್ತೆಂಟು ಮಂದಿ ಅಂಧೇರಿ ದಾಟ್ಯಾರ. ದಹಿಸರದಾಗ ಈಗ ಸೇವಂತಿ ಸೇರಿ ಮೂವರು ಉಳದಾರ. ಸಾಹೇಬರು ಮೊದಲು ಆಕೀನ್ನೇ ಎಬ್ಬಸ್ತಾರ, ಆ ಆಕಳ ಅವರು ಮರತಿರೂದಿಲ್ಲ.

ಈ ಪತ್ರದ ಜೋಡಿ ಸೇವಂತಿ ತಾನೇ ಬರದ ಕಾಗದ ಇಟ್ಟೀನಿ. ಒಂದು ಅಕ್ಷರಾನೂ ನಾ ತಿದ್ದಿಲ್ಲ.

ರುದ್ರವ್ವ

ಅಜ್ಜಾ
ಪುಚ್ಚೆ ಎಲ್ಲಿ
ಬೇಗ ಬರಿಯಿರಿ
ಸೇವಂತಿ


ಅಣ್ಣಿಗೇರಿ
7 ಮಾರ್ಚ್ 1955

ಚಿ. ರುದ್ರವ್ವಗ ಆಶೀರ್ವಾದ.

ಈ ಪತ್ರ ಮಕ್ಕಳ ಕೈಯಾಗ ಕೊಡಬ್ಯಾಡ. ನೀ ಒಬ್ಬಾಕಿ ಓದು.

ಪುಚ್ಚೆ ಕಳದಿಲ್ಲ. ಮನ್ಯಾಗೇ ಇತ್ತು. ಬಿಳೇ ಬೆಕ್ಕು, ಬಿಳೇ ಗ್ವಾಡಿ. ನನಗ ಕಾಣಲಿಲ್ಲ. ಟಪಾಲಿನ ಪರಪ್ಪ ಬಂದು "ಮಾಸ್ತರ, ನಿಮ್ಮ ಮಗ್ಗಲದಾಗೇ ಮಲಗೇತಲ್ರಿ" ಅಂದ.

ನನ್ನ ಕಣ್ಣು ಹೋಗ್ಯಾವ ತಂಗಿ. ಪೊರೆ ಬಂದು ಎರಡು ವರ್ಷ ಆತು. ದೊಡ್ಡ ಅಕ್ಷರ ಬರದದ್ದು ಮಕ್ಕಳ ಸಲುವಾಗಿ ಅಲ್ಲ. ಸಣ್ಣದು ಬರದ್ರ ನನಗೇ ಕಾಣೂದಿಲ್ಲ. ನಿನ್ನ ಅಕ್ಷರಕ್ಕ ಬೈದದ್ದೂ ಅದಕ್ಕೇ. ಅವು ಮೊದಲಿಂದ ಮುತ್ತಿನಂಥಾ ಅಕ್ಷರ. ಸೆಪ್ಟೆಂಬರದಾಗ ನಿನ್ನ ದೊಡ್ಡ ಅಕ್ಷರಾನೂ ಮಸಕಾದವು, ದೀಪಾವಳಿ ಆದ ಮ್ಯಾಲೆ ಪೂರಾ ಕಾಣದಾದವು. ಪರಪ್ಪನ ಕೈಲೆ ಓದಿಸಿ, ಉತ್ತರ ಹೇಳಿ ಬರಸಾಕ ನಾಚಿಕಿ ಬಂದು ಸುಮ್ನಾದೆ. ಇದನ್ನ ಕೈ ಅಂದಾಜಿಲೆ ನಾನೇ ಗೀಚೀನಿ.

ಇನ್ನೊಂದು ಹೇಳ್ತೀನಿ, ನಗಬ್ಯಾಡ. ಎರಡು ಶ್ರಾವಣ ಮಠದಾಗ ನಾ ಪುರಾಣ ಓದೇ ಇಲ್ಲ. ಬಾಯಿಲೆ ಅಂದೀನಿ. ಮುಂದ ಪುಸ್ತಕ ಇಟ್ಟುಕೊಂಡು, ಹಾಳಿ ತಿರುವಿಕೋತ. ಮೊದಲನೇ ಶ್ರಾವಣದಾಗ ಒಂದು ಕೂಸು "ಅಜ್ಜಾ, ಪುಸ್ತಕ ತಲೆಕೆಳಗ ಐತಿ" ಅಂತು. ಮಂದಿ ಅದನ್ನ ಗದರಿಸಿ ಕುಂದ್ರಿಸಿದ್ರು. ಸೇವಂತಿ ಸುದ್ದಿ ನೀ ಬರದಾಗ ನಾ ಯಾಕ ಅಷ್ಟು ಸಿಟ್ಟಿಗೆ ಬಂದೆ ಅಂತ ಈಗ ತಿಳೀತೇನು? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ ಆತು. ಮೂವತ್ತಾರು ವರ್ಷದಾಗ ನನ್ನ ಮುಂದ ಎಷ್ಟು ಮಂದಿ ಹಂಗ ಬರೇ ಬಾಯಿ ಆಡಿಸಿದ್ರೋ. ಒಬ್ಬರ ಪುಸ್ತಕಾನೂ ನಾ ಬಗ್ಗಿ ನೋಡಲಿಲ್ಲ.

ಆ ಹುಡುಗಿ ಕಾಗದ ಬಂತು. ಒಂದೊಂದು ಅಕ್ಷರ ನಿಂಬಿಹಣ್ಣಿನಷ್ಟು. ಪರಪ್ಪ ಓದಾಕ ಬಾಯಿ ತಗದ. "ತಡಿ" ಅಂದೆ. ಬಿಸಲಿಗೆ ಹಿಡದು ನಾನೇ ಓದಿದೆ. ನಾಕು ತಿಂಗಳದಾಗ ನಾ ಓದಿದ್ದು ಅದೊಂದೇ.

ಬಸವಂತಪ್ಪ


ದಾದರ
13 ಮಾರ್ಚ್ 1955

ಪೂಜ್ಯ ಗುರುಗಳಿಗೆ ನಮಸ್ಕಾರ.

ಈ ಪತ್ರ ಪರಪ್ಪ ಓದಿ ಹೇಳಾಕತ್ತಿದ್ರ, ಪರಪ್ಪಣ್ಣಾ, ಸಾವಕಾಶ ಓದಪಾ. ಗುರುಗಳೇ, ನೀವು ಗಟ್ಟಿ ಕುಂತುಕೊಳ್ರಿ. ನಿಮ್ಮ ಪತ್ರ ಮಕ್ಕಳ ಕೈಯಾಗ ಕೊಡಬ್ಯಾಡ ಅಂದಿದ್ರಿ. ನಾ ಕೊಡಲಿಲ್ಲ. ಸಾಹೇಬರು ಕೊಟ್ರು.

ಮೊನ್ನೆ 11ಕ್ಕ ಸಾಹೇಬರು ಒಂದು ಕನ್ನಡ ಪೇಪರ್ ಹಿಡಕೊಂಡೇ ಬಂದ್ರು. ದಾದರ ಗುಂಪಿನವ್ರು ಪಟಪಟ ಓದಿದ್ರು. ಅಂಧೇರಿಯವ್ರೂ ಓದಿದ್ರು. ಓದಿದಷ್ಟೂ ಅವರ ಮಾರಿ ಸಣ್ಣದಾತು. "ಈ ಪೇಪರ್ ಸ್ಟೇಷನ್ನಿನ್ಯಾಗ ಎಲ್ಲಾರಿಗೂ ಸಿಗ್ತದ. ಇದೂ ಬಾಯಿಪಾಠ ಆಗಿರಬೇಕು" ಅಂದ್ರು. ಅದೇ ಹೊತ್ತಿಗೆ ಸಿಪಾಯಿ ಟಪಾಲು ತಂದು ಟೇಬಲ್ ಮ್ಯಾಲೆ ಇಟ್ಟ. ನಿಮ್ಮ ಪತ್ರ. ಸಾಹೇಬರು ಅಂಟಿಸಿದ ಪಾಕೀಟು ಹಿಂದ ಮುಂದ ತಿರುವಿ ನೋಡಿದ್ರು. "ಇದನ್ನ ಯಾರೂ ನೋಡಿಲ್ಲಲ್ಲ?" ಅಂದು ಹರದೇಬಿಟ್ರು. ನಾ ಬ್ಯಾಡ ಅನ್ನಬೇಕೋ ಬ್ಯಾಡೋ ಅನ್ನೋದ್ರಾಗ ಅದು ಸೇವಂತಿ ಕೈಯಾಗಿತ್ತು. ಕಾಗದ ತಲೆಕೆಳಗಿತ್ತು, ಆಕಿ ಮೊದಲು ತಿರುವಿ ಸರಿ ಮಾಡಿ ಹಿಡಕೊಂಡ್ಲು. ಸಾಹೇಬರು ಅದನ್ನ ನೋಡಿದ್ರು.

"ಈ ಪತ್ರ. ಮಕ್ಕಳ. ಕೈಯಾಗ. ಕೊಡ, ಬ್ಯಾಡ."

ಓದಿ ನಿಲ್ಲಿಸಿ ನನ್ನ ಮಾರಿ ನೋಡಿದ್ಲು. "ಟೀಚರ್, ಓದಬಾರದಂತೆ" ಅಂದ್ಲು. ವರ್ಗೆಲ್ಲಾ ಗೊಳ್ಳಂತ ನಕ್ಕಿತು. ಮಕ್ಕಳು ಯಾಕ ನಗ್ತಾರ ಅಂತ ಸಾಹೇಬರು ಬಾಗಲದಾಗ ನಿಂತಿದ್ದ ಸದಾನಂದ ಮಾಸ್ತರಿಗೆ ಕೇಳಿದ್ರು. ಅವರು ನಕ್ಕೋತಾನ ತಿಳಿಸಿ ಹೇಳಿದ್ರು. ಸಾಹೇಬರ ಮೀಸಿ ಅಲುಗ್ಯಾಡಿತು. "ಓದು, ಓದು" ಅಂದ್ರು.

ಪುಚ್ಚೆ ಕಳದಿಲ್ಲ ಅಂದ ಕೂಡಲೇ ಉಳದ ನಲವತ್ತೊಂದು ಮಂದೀನೂ ಎದ್ದು ಕುಣದ್ರು. ಸಾಹೇಬರು ಬಂದಾರ ಅನ್ನೋ ಖಬರು ಯಾರಿಗೂ ಇರಲಿಲ್ಲ. ಸೇವಂತಿ ಮಾತ್ರ ಬೆರಳು ತಗೀಲಿಲ್ಲ. ಸಾಲಿಂದ ಸಾಲು ಓದಿಕೋತ ಹೋದ್ಲು. ನನ್ನ. ಕಣ್ಣು. ಹೋಗ್ಯಾವ. ತಂಗಿ.

ಗುರುಗಳೇ, ನಿಮ್ಮ ದೊಡ್ಡ ಅಕ್ಷರಕ್ಕ ನಾ ಸಾವಿರ ನಮಸ್ಕಾರ ಬರದೆ, ಅದರಾಗಿನ ಒಂದು ಮಾತೂ ನನಗ ಓದಾಕ ಬರಲಿಲ್ಲ. ಅವರೆಲ್ಲಾರ ಮುಂದ ಸೆರಗಿಲೆ ಮಾರಿ ಮುಚ್ಚಿಕೊಂಡು ಅತ್ತೆ. ನೌಕರಿ ಹೋತು ಅಂತ ತಿಳಕೊಂಡೆ. ಸೇವಂತಿ ನನ್ನ ನೋಡಿಕೋತಾನ ತಡದು ತಡದು ಕಡೀತನಕ ಓದಿದ್ಲು. ನಿಂಬಿಹಣ್ಣಿನ ಸಾಲಿಗೆ ಬಂದಾಗ ಆಕೀ ದನಿ ಜೋರಾತು.

ಸಾಹೇಬರು ಪತ್ರ ಮಡಚಿ ನನ್ನ ಕೈಯಾಗ ಕೊಟ್ರು. ಸದಾನಂದ ಮಾಸ್ತರಿಗೆ ಮರಾಠಿಯೊಳಗ ಅಂದದ್ದು ಇಷ್ಟು: "ಮಕ್ಕಳು ನಕ್ಕಾರ, ಟೀಚರಬಾಯಿ ಅತ್ತಾರ. ಹಂಗಾದ್ರ ಈ ಪತ್ರ ಟೀಚರಬಾಯಿಗೂ ಹೊಸಾದು. ಟೀಚರಬಾಯಿಗೇ ಹೊಸಾದು ಅಂದ್ರ ಈ ಹುಡುಗಿ ಖರೇನ ಓದ್ಯಾಳ." ಹೋಗೂಮುಂದ ರಜಿಸ್ಟರದಾಗ ಬರದು ಹೋದ್ರು. ವರ್ಗ ನಡೀಬೇಕು, ನಾ ಕಾಯಂ. ಗುಂಪಿನ ಓದು ಮುಂದುವರೀಬೇಕು ಅಂತ ಕೆಳಗ ಗೆರಿ ಹೊಡದಾರ.

ಈಗ ನನ್ನ ಮಾತು ಕೇಳ್ರಿ, ಈ ಸಲ ಬೈಯೂದು ನನ್ನ ಪಾಳಿ. ಪೊರೆ ತಗಸೋದು ಈಗ ದೊಡ್ಡ ಮಾತಲ್ಲ. ಗದಿಗೆಪ್ಪ ಕಾಕಾ ದವಾಖಾನ್ಯಾಗ ಎಲ್ಲಾ ಕೇಳಿಕೊಂಡು ಬಂದಾನ. ಏಪ್ರಿಲ್ ಮೊದಲ ವಾರ ಬಂದುಬಿಡ್ರಿ. ಕಣ್ಣಿಗೆ ಪಟ್ಟಿ ಕಟ್ಟಿದಾಗ ಬ್ಯಾಸರಾಗ್ತೈತಿ ಅಂತ ನೆವ ಹೇಳಬ್ಯಾಡ್ರಿ. ದಿನಕ್ಕೊಂದು ಗುಂಪು ಬಂದು ನಿಮಗ ಓದಿ ಹೇಳಾಕ ಪಾಳಿ ಹಚ್ಯಾರ. ದಹಿಸರದವ್ರು ಮೊದಲು.

ನಿಮ್ಮ,
ರುದ್ರವ್ವ


ಅಣ್ಣಿಗೇರಿ
10 ಆಗಸ್ಟ್ 1955

ಚಿ. ರುದ್ರವ್ವಗ ಆಶೀರ್ವಾದ. ನಿನಗೂ, ನಿನ್ನ ಗುಂಪಿಗೂ.

ಅಕ್ಷರ ಎಷ್ಟು ಸಣ್ಣು ಅದಾವ ನೋಡಿದೇನು? ಬೇಕಂತ ಬರದೀನಿ. ಬಾಟ್ಲಿ ತಳದಂಥಾ ಚಾಳೀಸು ಮೂಗಿನ ಮ್ಯಾಲೆ ಕುಂತೈತಿ. ಪುಚ್ಚೆ ಎಲ್ಲಿ ಮಲಗಿದ್ರೂ ಕಾಣ್ತೈತಿ. ಅದು ಈಗ ನನ್ನಿಂದ ತಪ್ಪಿಸಿಕೊಳ್ಳಾಕ ಬ್ಯಾರೆ ಜಾಗ ಹುಡುಕಾಕತ್ತೈತಿ.

ದವಾಖಾನ್ಯಾಗ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಹತ್ತು ದಿನ ನಾ ಮರಿಯೂದಿಲ್ಲ. ಆ ಹುಡುಗಿ ಒಂದು ಶಬ್ದದ ಮುಂದ ನಿಂತಾಗ, ಹೇಳಿಕೊಡಬೇಕು ಅಂತ ನನ್ನ ನಾಲಿಗಿ ಎಷ್ಟು ಕಡೀತಿತ್ತು. ನೀ ಕೈ ಹಿಚುಕಿದಿ. ಕಾದೆ. ಕಾಯೋದು ಅಂದ್ರ ಏನು ಅಂತ ಅರವತ್ತೆಂಟನೇ ವಯಸ್ಸಿನ್ಯಾಗ ಕಲತೆ.

ಶ್ರಾವಣ ಬಂತು, ಮಠದಾಗ ಪುರಾಣ ಹಚ್ಯಾರ. ಮೊದಲ ದಿನಾನೇ ಎದ್ದು ನಿಂತು, ಎರಡು ವರ್ಷ ನಾ ಓದಿಲ್ಲ, ಬಾಯಿಪಾಠ ಅಂದೀನಿ ಅಂತ ಸ್ವಾಮಿಗಳ ಮುಂದ ಹೇಳಿದೆ. ಎರಡು ವರ್ಷದ ಹಿಂದ ಬೈಸಿಕೊಂಡ ಆ ಕೂಸಿನ್ನ ಕರದು ಮುಂದ ಕುಂದ್ರಿಸಿಕೊಂಡೆ. ಪುಸ್ತಕ ಸರಿ ಐತೇನವಾ ಅಂತ ಕೇಳಿ ಶುರು ಮಾಡಿದೆ. ಚಾಳೀಸು ಇನ್ನೂ ಹೊಸಾದು, ಸಾಲು ಜಾರ್ತಾವ, ಒತ್ತಕ್ಷರ ಬಂದಲ್ಲಿ ನಿಂದ್ರತೀನಿ. ಮೂರನೇ ದಿನ ಹಿಂದ ಕುಂತ ಮಂದಿ ಮಾತಾಡಿಕೊಳ್ಳೋದು ಕೇಳಿಸಿತು. "ಮಾಸ್ತರಿಗೆ ವಯಸ್ಸಾತು. ಮೊದಲ ಎಷ್ಟು ಸರಾಗ ಓದ್ತಿದ್ರು, ಈಗ ತಡವರಿಸ್ತಾರ."

ನನಗ ಎಷ್ಟು ಖುಷಿ ಆತು ಅಂತೀ.

ಸೇವಂತಿ ಬೋರಿವಲಿಗೆ ಹೋದಳಂತ ಬರದಿದ್ದಿ, ಬಾಯಿಲೆ ಸೀಟಿ ಊದಿದಳಂತ. ಆಕೀಗೆ ಹೇಳು, ದಹಿಸರದಾಗ ಆಕಿ ಬಿಟ್ಟ ಜಾಗದಾಗ ನಾ ಕುಂತೀನಿ.

ಬಸವಂತಪ್ಪ